ಗೋಡೆಯ ಮಾತು ಮೊದಲು

ನೇತ್ರಾವತಿ ನನ್ನ ಮುಖ ನೋಡದೆ ಟೇಪಿನ ತುದಿಯನ್ನು ಕೈಗಿಟ್ಟಳು. ಮೊನ್ನೆ ಮೊನ್ನೆಯವರೆಗೆ ಇದೇ ಟೇಪನ್ನು ಬೇಕೆಂದೇ ಸಡಿಲ ಬಿಟ್ಟು, "ನೀವು ಇನ್ನೊಂಚೂರು ಹತ್ರ ಬಂದ್ರೆ ಅಳತೆ ಸರಿಹೋಗುತ್ತೆ" ಎಂದು ಕಣ್ಣಲ್ಲೇ ನಗುತ್ತಿದ್ದವಳು. ಇವತ್ತು ಎಷ್ಟು ಬಿಗಿಯಾಗಿ ಎಳೆದಳೆಂದರೆ ನನ್ನ ಬೆರಳು ಉರಿಯಿತು.

ಉರಿಯಲಿ. ನನಗೂ ಸಿಟ್ಟಿತ್ತು.

ಮಗ್ಗೆ ಊರಿನಿಂದಾಚೆ ಅವಳ ಅಪ್ಪ ವೀರಭದ್ರಯ್ಯನವರ ಎಸ್ಟೇಟಿನ ಇಳಿಜಾರಿನಲ್ಲಿ ಕಾಟೇಜುಗಳಿಗೆಂದು ನಾನು ಡಿಸೈನ್ ಮಾಡಿ ಕಟ್ಟಿಸಿದ್ದ ತಡೆಗೋಡೆ ಮಕಾಡೆ ಮಲಗಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆಯೇ ಲಾಯರ್ ನೋಟಿಸ್ ಬಂತು: ಇಂಜಿನಿಯರ್ ಯೋಗಾನಂದರ ನಿರ್ಲಕ್ಷ್ಯ, ಕರಾರಿನ ಉಲ್ಲಂಘನೆ. ಆ ಮಾತು ನಿಂತುಬಿಟ್ಟರೆ ಆಲೂರಿನಿಂದ ಸಕಲೇಶಪುರದವರೆಗೆ ದನದ ಕೊಟ್ಟಿಗೆ ಕಟ್ಟುವುದಕ್ಕೂ ನನ್ನನ್ನು ಯಾರೂ ಕರೆಯುವುದಿಲ್ಲ.

ತಕರಾರು ಬಂದರೆ ಇಬ್ಬರೂ ಒಪ್ಪಿದ ಮಧ್ಯಸ್ಥರು ತೀರ್ಮಾನಿಸಬೇಕೆಂದು ಕರಾರಿನಲ್ಲಿತ್ತು. ಹಾಗೆ ಬಂದಿದ್ದವರು ನಿವೃತ್ತ ಇಂಜಿನಿಯರ್ ದಾಸಯ್ಯನವರು. ಬಗ್ಗಿ, ಬಿದ್ದ ಕಲ್ಲುಗಳ ಹಿಂದಿನ ಮಣ್ಣನ್ನು ಬೆರಳಲ್ಲಿ ಹಿಸುಕಿದರು.

"ಮಳೆ ಬಂದಿಲ್ಲ. ಮಣ್ಣು ಯಾಕೆ ಇನ್ನೂ ಹಸಿ?"

ಅವರು ತಲೆಯೆತ್ತಿ ನೋಡಿದರು. ನಾನೂ ನೋಡಿದೆ. ಸುತ್ತಲಿನ ತೋಟಗಳಲ್ಲಿ ಕಾಫಿ ಇನ್ನೂ ಮೊಗ್ಗಾಗಿಯೇ ಇತ್ತು. ಗೋಡೆಯ ಮೇಲ್ಗಡೆಯ ತುಂಡು ಮಾತ್ರ ಗಿಡಗಿಡವೂ ಬೆಳ್ಳಗೆ ಬಿರಿದು ಘಮ್ಮೆನ್ನುತ್ತಿತ್ತು.

"ಇಲ್ಲಿಗೆ ಮಾತ್ರ ನೀರು ಕೊಟ್ರಾ?" ಎಂದರು ದಾಸಯ್ಯ.

"ಹೂಂ ಸ್ವಾಮಿ. ಹೂ ಅರಳಿಸೋ ಹೂಮಳೆ ಕೈಕೊಡ್ತಲ್ಲ, ಸ್ಪ್ರಿಂಕ್ಲರ್ ಹಾಕಿ ಹಗಲೂ ರಾತ್ರಿ ಬುಟ್ಟಿದ್ದೆ. ಹೂ ಹೆಂಗ್ ಬಂದೈತೆ ನೋಡಿ." ಪಕ್ಕದಲ್ಲೇ ನಿಂತಿದ್ದ ವೀರಭದ್ರಯ್ಯನವರ ದನಿಯಲ್ಲಿ ಹೆಮ್ಮೆಯಿತ್ತು. ಕಾಫಿಗೆ ಕೊಟ್ಟ ನೀರು ಗೋಡೆಯನ್ನು ತಳ್ಳೀತು ಎಂಬುದು ಆ ಮನುಷ್ಯನ ತಲೆಗೇ ಬಂದಿರಲಿಲ್ಲ.

ದಾಸಯ್ಯ ನನ್ನ ಕಡೆ ತಿರುಗಿದರು. "ಮೇಲಿನ ಚರಂಡಿ ಕೆಲಸ ಬಾಕಿ ಇತ್ತು. ಅದಾಗೋವರೆಗೆ ನೀರು ಬಿಡಬೇಡಿ ಅಂತ ಹೇಳೋದು ನಿಮ್ಮ ಜವಾಬ್ದಾರಿ. ಹೇಳಿದ್ರಾ?"

ಹೇಳಿದ್ದೆ. ಹೇಳಿದ್ದು ನೇತ್ರಾವತಿಗೆ. ಕಾಫಿ ಸ್ಟೋರಿನ ಜಗುಲಿಯಲ್ಲಿ, ಸಂಜೆ. "ಚರಂಡಿ ಆಗೋವರೆಗೆ ಮೇಲೆ ನೀರು ಬಿಡಬಾರದು, ಅಪ್ಪಾಜಿಗೆ ಹೇಳಿ" ಎಂದವನು ಉಸಿರೂ ತೆಗೆದುಕೊಳ್ಳದೆ, "ನೀವಿಲ್ಲದ ದಿನ ನನಗೆ ಈ ಸೈಟಿಗೆ ಬರೋಕೆ ಮನಸ್ಸೇ ಆಗಲ್ಲ. ನೀವಂದ್ರೆ ನಂಗಿಷ್ಟ" ಎಂದುಬಿಟ್ಟಿದ್ದೆ. ಅವಳ ಕಿವಿ ಕೆಂಪಾಯಿತು. ಸರಸರ ಮನೆಯೊಳಗೆ ಹೋದಳು. ಬೆಳಗ್ಗೆ ಚಿಕ್ಕಮ್ಮನ ಮನೆಗೆಂದು ಹಾಸನದ ಬಸ್ಸು ಹತ್ತಿದವಳು, ಗೋಡೆ ಬಿದ್ದ ಮೇಲೆಯೇ ವಾಪಸ್ ಬಂದದ್ದು.

ಈಗ ಬಾಯಿಬಿಟ್ಟರೆ ಎಲ್ಲಿ, ಯಾವಾಗ, ಇಬ್ಬರೇ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗಳು ಏಳುತ್ತವೆ. ಗೋಡೆಯ ತಕರಾರಿನಲ್ಲಿ ಅವಳ ಹೆಸರು ಸಂತೆಗೆ ಹೋಗುವುದು ನನಗೆ ಬೇಕಿರಲಿಲ್ಲ.

"ಬರೆದು ಕೊಟ್ಟಿಲ್ಲ ಸಾರ್" ಎಂದೆ.

"ಹೇಳೇ ಇಲ್ಲ ಅನ್ನಪ್ಪ, ಮುಗೀತು" ಎಂದರು ವೀರಭದ್ರಯ್ಯ.

ನೇತ್ರಾವತಿಯ ಕೈಯಲ್ಲಿದ್ದ ಟೇಪಿನ ತುದಿ ಕೆಳಗೆ ಬಿತ್ತು.

"ಹೇಳಿದ್ರು ಅಪ್ಪಾಜಿ. ನಂಗೆ ಹೇಳಿದ್ರು. ನಿಮಗೆ ಹೇಳೋದನ್ನ ನಾನೇ ಮರ್ತುಬುಟ್ಟೆ."

"ನೀನಾ? ಗೊಬ್ಬರದ ಮೂಟೆ ಒಂದು ಕಮ್ಮಿ ಆದ್ರೆ ವರ್ಷಗಟ್ಲೆ ನೆನಪಿಟ್ಕೊಳ್ಳೋಳು. ಇದನ್ನ ಹೆಂಗಮ್ಮ ಮರ್ತೆ?"

"ಅದರ ಹಿಂದೇನೇ ಇನ್ನೊಂದು ಮಾತು ಹೇಳಿದ್ರು."

"ಏನಂತೆ ಅದು?"

ದಾಸಯ್ಯ ಸಿಲ್ವರ್ ಓಕ್ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ನಾನಂದ್ರೆ ಇಷ್ಟ ಅಂದ್ರು. ಅದೊಂದೇ ತಲೇಲಿ ಉಳೀತು. ಏನು ಉತ್ತರ ಕೊಡ್ಲಿ ಅಂತ ಹಾಸನದಲ್ಲಿ ಕೂತು ಯೋಚ್ನೆ ಮಾಡ್ತಿದ್ದೆ. ಬಂದು ನೋಡಿದ್ರೆ ಗೋಡೆ ಬಿದ್ದೈತೆ. ಹೆದ್ರಿಕೊಂಡು ಸುಮ್ನಿದ್ದೆ. ಆದ್ರೆ ಇವರು ನನ್ನ ಹೆಸರು ಉಳಿಸೋಕೆ ತಮ್ಮ ಹೆಸರು ಕಳ್ಕೊಳ್ತಾ ಇದ್ರೆ ನೋಡ್ಕೊಂಡು ನಿಲ್ಲಕ್ಕಾಗಲ್ಲ."

ವೀರಭದ್ರಯ್ಯ ಒಡೆದ ಕಲ್ಲಿನ ಮೇಲೆ ಕುಕ್ಕರಿಸಿದರು. ತಾವೇ ನೀರು ಬಿಟ್ಟು ಅರಳಿಸಿದ ಹೂವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಟಿಸಿಗೆ ಯಾಕಪ್ಪ ಉತ್ತರ ಕೊಡ್ಲಿಲ್ಲ?"

"ಕೊಟ್ಟಿದ್ರೆ ಅವರ ಹೆಸರು ಬರೀಬೇಕಿತ್ತು ಸಾರ್."

ಬಿತ್ತನೆ ಬೀಜವನ್ನು ಅಂಗೈಯಲ್ಲಿಟ್ಟು ನೋಡುವ ಹಾಗೆ ನನ್ನನ್ನು ನೋಡಿದರು. ದಾಸಯ್ಯ ತೀರ್ಮಾನ ಹೇಳಿದರು. "ಡಿಸೈನಿನಲ್ಲಿ ತಪ್ಪಿಲ್ಲ. ಬರೆದು ಕೊಡದೇ ಇದ್ದದ್ದು ಇವರ ತಪ್ಪು, ಕೇಳಿದ್ದನ್ನು ಮುಟ್ಟಿಸದೇ ನೀರು ಬಿಟ್ಟದ್ದು ನಿಮ್ಮ ಮನೆಯದು. ಇಬ್ಬರೂ ಸೇರಿ ಮತ್ತೆ ಕಟ್ಟಿಸಿ."

"ನೋಟಿಸ್ ವಾಪಸ್ ತಗೋತೀನಿ" ಎಂದು ವೀರಭದ್ರಯ್ಯ ಎದ್ದರು. "ಆ ಇನ್ನೊಂದು ಮಾತಿಗೆ ನಾನು ಕರಾರು ಮಾಡಿಲ್ಲ ಕಣಪ್ಪ. ಅದನ್ನ ಅವಳೇ ನೋಡ್ಕಂತಾಳೆ. ಬನ್ನಿ ದಾಸಯ್ಯ, ಕಾಫಿ ಕುಡಿಯೋಣ."

ಇಬ್ಬರೂ ದಾರಿ ಹತ್ತಿದರು. ಹೂವಿನಲ್ಲಿ ಜೇನು ಗುಂಯ್ ಎನ್ನುತ್ತಿತ್ತು. ನೇತ್ರಾವತಿ ಬಿದ್ದ ಟೇಪನ್ನು ಎತ್ತಿಕೊಂಡು ಮಣ್ಣು ಒರೆಸಿದಳು.

"ಇನ್ನೊಂದ್ಸಲ ಹೇಳಿ."

"ಯಾವುದು?"

"ಎರಡೂ. ಗೋಡೇದು ಮೊದಲು."

"ಚರಂಡಿ ಆಗೋವರೆಗೆ ಮೇಲೆ ನೀರು ಬಿಡಬಾರದು."

ಅವಳು ದಾರಿಯ ಕಡೆ ತಿರುಗಿ ಕೂಗಿದಳು. "ಅಪ್ಪಾಜೀ, ಚರಂಡಿ ಆಗೋ ತನಕ ಮೇಲೆ ನೀರು ಬಿಡಂಗಿಲ್ಲವಂತೆ."

"ಆಯ್ತು ಕಣಮ್ಮ" ಎಂದು ಗಿಡಗಳ ಮರೆಯಿಂದ ಉತ್ತರ ಬಂತು.

ಆಮೇಲೆ ಟೇಪನ್ನು ಸುತ್ತುತ್ತಾ ಸುತ್ತುತ್ತಾ ನನ್ನ ಕೈಯವರೆಗೆ ಬಂದು ನಿಂತಳು. ಕಿವಿ ಆಗಲೇ ಕೆಂಪಾಗಿತ್ತು.

"ಹೂಂ. ಈಗ ಆ ಇನ್ನೊಂದು."

ಹೇಳಿದೆ. ಈ ಸಲ ಅವಳು ಹೋಗಲಿಲ್ಲ.