ಹಿಂದಕ್ಕೆ ನಡೆಯುವವಳು

"ಹಗ್ಗ ಬಿಟ್ಟರೆ ನೋಡು!"

ಅಂಗಳದ ಆ ತುದಿಯಿಂದ ಅತ್ತೆ ಕೂಗಿದಳು. ಸೊಸೆ ಬಿಡಲಿಲ್ಲ. ಬಲಗಣ್ಣಿಗೆ ಯಾರೋ ಕೆಂಡ ತುರುಕಿದ ಹಾಗೆ ಉರಿ... ತಲೆ ಸಿಡಿದು, ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು. ಆದರೂ ಸೊಂಟಕ್ಕೆ ಕಟ್ಟಿಕೊಂಡ ನಾರಿನ ಕಂತೆಯಿಂದ ಎಳೆ ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಇದ್ದಳು. ಆ ಮನೆಯ ಕಸುಬೇ ಅದು. ಒಂದು ತುದಿಯಲ್ಲಿ ಗಂಡ ರಾಟೆ ತಿರುಗಿಸುತ್ತಾನೆ, ಇವಳು ರಾಟೆಗೆ ಮುಖಮಾಡಿ ಹಿಮ್ಮುಖವಾಗಿ ನಡೆಯುತ್ತಾಳೆ; ನಡೆದಷ್ಟು ಹಗ್ಗ.

"ಹಿಂದಕ್ಕೆ ನಡೆಯೋಳಿಗೆ ಕಣ್ಣು ಯಾಕೆ?" ಎಂದು ಅತ್ತೆ ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು.

ಮಗಳಿಗೆ ಹಲ್ಲು ಬರುವ ಮೊದಲೇ ಇವಳ ಎರಡೂ ಕಣ್ಣಿಗೆ ಪೊರೆ ಕಟ್ಟತೊಡಗಿತ್ತು. ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ ಆ ಮುಖವೇ ಅವಳು ಕಡೆಯದಾಗಿ ಕಂಡದ್ದು. ಈಗ ಮಗಳು ಮನೆ ತುಂಬ ಓಡಾಡುವ ಹುಡುಗಿ. ತಾಯಿಗೆ ಮಾತ್ರ ಬರೀ ದನಿ, ಅಂಗೈಗೆ ಸಿಗುವ ಕೆನ್ನೆ...

ಹೋದ ವರ್ಷ ಕಣ್ಣಿನ ಶಿಬಿರದ ನರ್ಸಮ್ಮ ಬಾಗಿಲಿಗೇ ಬಂದಿದ್ದಳು. "ಸಣ್ಣ ಆಪರೇಷನ್, ಪುಕ್ಕಟೆ. ಆಮೇಲೆ ಸ್ವಲ್ಪ ದಿನ ಧೂಳಲ್ಲಿ ಕೆಲಸ ಮಾಡಬಾರದು, ಅಷ್ಟೆ."

ಆ ಕಡೆಯ ಮಾತೇ ಮುಳುವಾಯಿತು.

"ಪೊರೆ ಇನ್ನೂ ಹಣ್ಣಾಗಿಲ್ಲ ಕಣಮ್ಮ," ಎಂದಳು ಅತ್ತೆ. "ಕಾಯಿದ್ದಾಗಲೇ ತೆಗೆದರೆ ಗುಡ್ಡೆನೇ ಕಿತ್ಕೊಂಡು ಬರುತ್ತೆ."

"ಹಣ್ಣಾಗೋಕೆ ಅದೇನು ಬಾಳೆಗೊನೆನಾ ಅಜ್ಜಿ? ಅದೆಲ್ಲ ಹಳೇ ಕಾಲದ ಮಾತು. ಹಂಗೇ ಬಿಟ್ಟರೆ ಕಣ್ಣನ್ನೇ ತಿಂದುಹಾಕುತ್ತೆ."

"ನಮ್ಮನೆ ಸೊಸೆ ಕಣ್ಣು ನಮಗೆ ಗೊತ್ತಿಲ್ವಾ? ಮುಂದಿನ ಸಲ ಬಾ, ಹೋಗು."

ಗಂಡ ರಾಟೆಯ ಹಿಡಿ ಬಿಡಲಿಲ್ಲ. "ಅಮ್ಮ ಹೇಳಿದ ಮೇಲೆ..." ಎಂದು ಕೋಲೆಬಸವನಂತೆ ತಲೆಯಾಡಿಸಿದ.

ಇವತ್ತು ಅವಳು ನಡುದಾರಿಯಲ್ಲೇ ಕುಸಿದಳು.

"ಅಜ್ಜೀ, ಅಮ್ಮನ ಕಣ್ಣು ನೋಡು, ರಕ್ತದ ಹಂಗಿದೆ!"

"ಕೆಲಸ ಅಂದ್ರೆ ಎಲ್ಲಿಲ್ಲದ ನೋವು ಬರುತ್ತೆ ನಿಮ್ಮಮ್ಮಂಗೆ. ಒದ್ದೆ ಬಟ್ಟೆ ಹಾಕು, ಸರಿಹೋಗುತ್ತೆ."

ಸರಿಹೋಗಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾ ಅವಳು ದಿನಗಳನ್ನು ನೂಕಿದಳು. ಈ ವರ್ಷದ ಶಿಬಿರಕ್ಕೆ ಜನ ಕೂಡಿಸಲು ನರ್ಸಮ್ಮ ಮತ್ತೆ ಬಂದಳು, ರೆಪ್ಪೆ ಬಿಡಿಸಿ ಆ ಕಣ್ಣು ನೋಡಿದಳು. "ಈಗ ಹಣ್ಣಾಯ್ತಾ ಅಜ್ಜಿ?" ಎಂದಷ್ಟೇ ಕೇಳಿ ಸೊಸೆಯನ್ನು ಗಾಡಿ ಹತ್ತಿಸಿದಳು.

"ಹೋಗಿ ಬರಲಿ. ರಾಟೆಯಂತೂ ನಿಲ್ಲಲ್ಲ," ಎಂದಳು ಅತ್ತೆ.

ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. "ಬಲಗಣ್ಣು ಹೋಯ್ತಮ್ಮ. ಒಳಗೆ ಒತ್ತಡ ಏರಿ ನರ ಸತ್ತಿದೆ. ಹೋದ ವರ್ಷ ಬಂದಿದ್ರೆ ಎರಡೂ ಉಳೀತಿತ್ತು. ಎಡಗಣ್ಣಿನ ಪೊರೆ ತೆಗೀತೀನಿ."

ಅವಳು ಅಳಲಿಲ್ಲ. "ಒಂದು ಸಾಕು ಡಾಕ್ಟ್ರೇ... ನೋಡಬೇಕಾಗಿರೋದು ಒಂದೇ ಮುಖ!"

ಪಟ್ಟಿ ಬಿಚ್ಚಿದಾಗ ಬಿಳಿ ಗೋಡೆ ಕಂಡಿತು, ನರ್ಸಮ್ಮನ ನರೆಗೂದಲು ಕಂಡಿತು. ಗಾಡಿಯಲ್ಲಿ ಬರುವಾಗ ದಾರಿಯ ಕಲ್ಲು ಕಲ್ಲೂ ಕಂಡಿತು. ಅವಳಿಗೆ ಯಾವುದೂ ಬೇಕಿರಲಿಲ್ಲ. ಅಂಗಳದ ಬಾಗಿಲಲ್ಲಿ ಇಳಿದು, ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ನೋಡಿದಳು.

ಕಂಡದ್ದು ಬೆನ್ನು!

ಪುಟ್ಟ ಬೆನ್ನು. ಸೊಂಟಕ್ಕೆ ಆಳಿಗಿಂತ ದೊಡ್ಡ ನಾರಿನ ಕಂತೆ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಅವಳತ್ತಲೇ ಬರುತ್ತಿತ್ತು.

"ಹಗ್ಗ ಬಿಟ್ಟರೆ ನೋಡು!" ಆ ತುದಿಯಿಂದ ಅದೇ ಕೂಗು.

ಬೆನ್ನು ಬಂದು ತಾಯಿಯ ಹೊಟ್ಟೆಗೆ ತಾಗಿತು. ಹುಡುಗಿ ಬೆಚ್ಚಿ ತಿರುಗಿದಳು, ಬಾಯಗಲಿಸಿ ನಕ್ಕಳು. ಮುಂದಿನ ಹಾಲುಹಲ್ಲುಗಳು ಉದುರಿದ್ದವು. ಅದೇ... ಅದೇ ಬೊಚ್ಚುನಗೆ!

"ಅಮ್ಮಾ, ನಾನು ಕಾಣ್ತೀನಾ?"

"ಕಾಣ್ತೀಯ ಕಂದಾ..." ಎನ್ನುತ್ತಲೇ ಮಗಳ ಕೈಗಳೂ ಕಂಡವು. ನಾರು ಸೀಳಿದ ಬೆರಳುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಕಣ್ಣು ಬಂತಲ್ಲ, ಸಂತೋಷ," ಎಂದಳು ಅತ್ತೆ, ಕೂತಲ್ಲಿಂದ ಏಳದೆ. "ಯಾರಾದ್ರೂ ಒಬ್ರು ನಡೀಲೇಬೇಕು. ನೀನೋ, ಅವಳೋ?"

ಗಂಡ ರಾಟೆಯ ಹಿಡಿಗೆ ಕೈ ಹಾಕಿದ. ಧೂಳಿಗೆ ಹೋಗಬೇಡ ಎಂದ ಡಾಕ್ಟರ ಮಾತು ಅವಳಿಗೆ ನೆನಪಿತ್ತು. ಮಗಳ ಸೊಂಟದ ಕಂತೆ ಬಿಚ್ಚಿ ತನ್ನ ಸೊಂಟಕ್ಕೆ ಬಿಗಿದುಕೊಂಡು, ಅವಳನ್ನೂ ಕರೆದುಕೊಂಡು ರಾಟೆಯ ಬಳಿಗೆ ನಡೆದಳು.

"ಇಲ್ಲೇ ನಿಂತ್ಕೋ ಮಗಳೇ. ಏನೂ ಮಾಡಬೇಡ. ನನ್ನ ಕಡೆ ಮುಖ ಮಾಡಿ ನಿಂತ್ಕೋ, ಸಾಕು."

ರಾಟೆ ತಿರುಗಿತು. ನಾರಿನ ಧೂಳು ಏಳುತ್ತಿತ್ತು, ಇದ್ದೊಂದು ಕಣ್ಣು ಚುರುಗುಟ್ಟಿ ನೀರು ಸುರಿಸುತ್ತಿತ್ತು. ಅವಳು ರೆಪ್ಪೆ ಮುಚ್ಚಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಂತೆ ಆ ಮುಖ ಚಿಕ್ಕದಾಗುತ್ತಾ ಹೋಯಿತು, ಇನ್ನೂ ಚಿಕ್ಕದಾಗುತ್ತಾ... ಮಸುಕಾಗಲಿಲ್ಲ.