ಹಳದಿ ಕಾರಿನ ಪೊರೆ

ಗುರುವಾರ ಬೆಳಿಗ್ಗೆ ಅಂಚೆಯವಳು ಈನಾ ಅಜ್ಜಿಯ ಟಪಾಲು ಪೆಟ್ಟಿಗೆಯ ಮುಂದೆ ಗಾಡಿ ನಿಲ್ಲಿಸಿದಳು. ರಸ್ತೆಯಂಚಿನ ಹಿಮದ ದಿಬ್ಬದಿಂದ ಒಂದು ಬೂಟು ಹೊರಗೆ ಚಾಚಿತ್ತು. ಯಾರೋ ಬೀಳಿಸಿಕೊಂಡು ಹೋದದ್ದು ಎಂದುಕೊಂಡು ಎಳೆದಳು. ಬೂಟಿನೊಳಗೆ ಕಾಲಿತ್ತು.

ಆ ದಿಬ್ಬ ಮಾಡಿದವನು ನಾನು.

ನನ್ನ ಹೆಸರು ವೆಂಡೆಲ್ ಸ್ಟೆಕ್ಲಿ. ಹ್ಯೂರನ್ ಸರೋವರದ ದಂಡೆಯ ಈ ಊರಿನಲ್ಲಿ ಚಳಿಗಾಲವಿಡೀ ಹಿಮ ತಳ್ಳುವ ಲಾರಿ ಓಡಿಸುತ್ತೇನೆ. ರಸ್ತೆ ಸರಿಯಾಗಿದ್ದರೆ ನನ್ನ ಹೆಸರು ಯಾರಿಗೂ ನೆನಪಾಗುವುದಿಲ್ಲ. ಬಾಗಿಲಿಗೆ ಒಂದು ಬುಟ್ಟಿ ಹಿಮ ಬಿದ್ದರೆ ಸಾಕು, ನನ್ನ ವಂಶವನ್ನೇ ಜಾಲಾಡುತ್ತಾರೆ. ಈನಾ ಹೂಕ್‌ಸ್ಟ್ರಾ ಅಜ್ಜಿ ಮಾತ್ರ ಹಾಗಲ್ಲ. ಅವರ ಮನೆಯ ದಾರಿ ಮುಚ್ಚದಿರಲಿ ಎಂದು ನಾನು ಲಾರಿಯ ಮುಂದಿನ ಹಿಮ ತಳ್ಳುವ ಅಲಗನ್ನು ಎತ್ತಿಕೊಂಡು ಹೋಗುತ್ತಿದ್ದೆ. ಅವರು ಕಿಟಕಿಯಿಂದ ಕೈ ಬೀಸುತ್ತಿದ್ದರು. ಕ್ರಿಸ್‌ಮಸ್‌ಗೆ ತಪ್ಪದೆ ಒಂದು ಡಬ್ಬಿ ಬೆಣ್ಣೆ ಟಾರ್ಟ್ ಎಂಬ ಸಿಹಿತಿಂಡಿ ಕೊಡುತ್ತಿದ್ದರು.

ಪೊಲೀಸರು ಬಂದು ನನ್ನ ಲಾರಿಯ ಅಲಗಿನ ಸಂದಿಯಿಂದ ಅಜ್ಜಿಯ ಉಣ್ಣೆ ಟೋಪಿಯನ್ನು ಹೊರಗೆಳೆದರು. ಇನ್ನೇನು ಬೇಕು? ಶುಕ್ರವಾರ ಮಧ್ಯಾಹ್ನ ಸಾರ್ಜೆಂಟ್ ಗ್ಲೆನ್ನಾ ರತ್ವೆನ್ ನನ್ನ ಕೈಗೆ ಬೇಡಿ ಹಾಕಿ ಜೀಪಿನ ಹಿಂದಿನ ಸೀಟಿಗೆ ತಳ್ಳಿದಳು. ಸಾಕ್ಷ್ಯಗಳಿದ್ದ ಪೆಟ್ಟಿಗೆಯನ್ನೂ ಮುಂದಿನ ಸೀಟಿನಲ್ಲಿಟ್ಟುಕೊಂಡಳು. ಇಬ್ಬರೂ ಜಿಲ್ಲಾ ಜೈಲಿಗೆ ಹೊರಟೆವು.

ನಾನೇ ಕೊಂದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಗುರುವಾರ ನಸುಕಿನಲ್ಲಿ ನನ್ನ ಲಾರಿಯ ಮೂತಿಯೇ ನನಗೆ ಕಾಣಿಸುತ್ತಿರಲಿಲ್ಲ, ಅಷ್ಟು ಹಿಮ. ಅಂಥ ಲಾರಿಗೆ ಒಬ್ಬ ಮುದುಕಿ ತಗುಲಿದರೆ ಒಳಗೆ ಕೂತವನಿಗೆ ಸದ್ದೂ ಕೇಳಿಸದು.

* * *

ಅರ್ಧ ದಾರಿಯಲ್ಲಿ ಸರೋವರದ ಕಡೆಯಿಂದ ಬಿರುಗಾಳಿ ಎದ್ದಿತು. ಆಕಾಶ, ರಸ್ತೆ, ಹೊಲ ಎಲ್ಲ ಒಂದೇ ಬಿಳುಪು. ರೇಡಿಯೋದಲ್ಲಿ ಹೆದ್ದಾರಿ ಮುಚ್ಚಿದ್ದಾರೆಂದು ಹೇಳಿದರು. ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ.

"ಅಲ್ಲೊಂದು ದೀಪ ಕಾಣ್ತಿದೆ," ಎಂದೆ.

"ಲೋವೆಲ್ ಕ್ರೆಸ್‌ಮನ್ ಗ್ಯಾರೇಜು. ನಡಿ. ಓಡಿಹೋಗೋ ಯೋಚನೆ ಏನಾದ್ರೂ ಇದ್ರೆ ಈಗ್ಲೇ ಓಡು. ಹುಡುಕೋಕೆ ನಾನಂತೂ ಬರಲ್ಲ," ಎಂದಳು ಸಾರ್ಜೆಂಟ್.

ಆಕೆ ಸಾಕ್ಷ್ಯದ ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಜೊತೆ ನಡೆದಳು. ಲೋವೆಲ್ ಬಾಗಿಲು ತೆಗೆದ. ಬೇಡಿ ನೋಡಿ ಒಂದು ಕ್ಷಣ ತಡೆದ. ಆಮೇಲೆ ನಕ್ಕು ಒಳಗೆ ಕರೆದ, ಕಾಫಿ ಕೊಟ್ಟ. ಅವನು ಯಾವಾಗಲೂ ಹಾಗೆಯೇ, ಊರಿಗೆಲ್ಲ ಬೇಕಾದವನು. ದುಡ್ಡಿರುವವರು ತಮ್ಮ ಸ್ಪೋರ್ಟ್ಸ್ ಕಾರುಗಳನ್ನು ಅಕ್ಟೋಬರಿನಲ್ಲಿ ಇವನ ಬಳಿ ಬಿಟ್ಟು ಫ್ಲಾರಿಡಾಕ್ಕೆ ಹಾರುತ್ತಾರೆ. ಇವನು ಅವುಗಳನ್ನು ಬೆಚ್ಚಗಿಡುತ್ತಾನೆ. ಬಣ್ಣಕ್ಕೆ ಉಪ್ಪು, ಜಲ್ಲಿ ತಾಗದಂತೆ ಮೇಲೊಂದು ಪಾರದರ್ಶಕ ಪೊರೆ ಅಂಟಿಸುತ್ತಾನೆ. ಆ ಉಪ್ಪು, ಜಲ್ಲಿಯನ್ನು ರಸ್ತೆಗೆ ಸುರಿಯುವವನು ನಾನು. ಇಬ್ಬರದೂ ಒಂದೇ ಹಿಮದ ಅನ್ನ.

"ಪಾಪ, ವೆಂಡೆಲ್. ಬೇಕಂತ ಮಾಡಿರಲ್ಲ ಬಿಡು," ಎಂದ ಲೋವೆಲ್. "ಸಾರ್ಜೆಂಟ್, ಹಾಲಿನ ಲಾರಿಯವನನ್ನೂ ಒಂದ್ಸಲ ವಿಚಾರಿಸಿ. ಆ ರಸ್ತೇಲಿ ಅವನು ಹೋಗೋದು ನೋಡಿದ್ರೆ ಎದೆ ಝಲ್ ಅನ್ನುತ್ತೆ."

"ವಿಚಾರಿಸಿದೆ. ಬುಧವಾರದಿಂದ ಅವನ ಲಾರಿ ರಿಪೇರಿಗೆ ನಿಂತಿದೆ."

ನನ್ನ ಕೊನೆಯ ಆಸೆಯೂ ಹೋಯಿತು. ಕಿಟಕಿಯ ಅರ್ಧದವರೆಗೆ ಹಿಮ ಏರಿತ್ತು. ಗೋಡೆಗಳು ಹತ್ತಿರ ಬರುತ್ತಿವೆ ಅನ್ನಿಸಿತು. ಬಾಯಿ ತಾನಾಗಿಯೇ ತೆರೆಯಿತು.

"ಸಾರ್ಜೆಂಟ್, ನಾನೇ ಇರ್ಬೇಕು. ಬರ್ಕೊಳ್ಳಿ. ನಾನೇ."

"ನೋಡಿದೀಯಾ?"

"ಇಲ್ಲ."

"ಹಾಗಿದ್ರೆ ಬಾಯಿ ಮುಚ್ಕೊಂಡು ಕಾಫಿ ಕುಡಿ."

* * *

ಹೊತ್ತು ಹೋಗಬೇಕಲ್ಲ. ಲೋವೆಲ್ ತನ್ನ ಕೈಚಳಕ ತೋರಿಸಲು ಶುರುಮಾಡಿದ. ಪೊರೆಯ ಒಂದು ತುಂಡನ್ನು ತಂತಿ ಬ್ರಷ್ಷಿನಿಂದ ಗೀಚಿದ. ಕೆಟಲಿನ ಬಿಸಿನೀರು ಸುರಿದ. ಗೀರುಗಳು ಮಾಯ.

ಸಾರ್ಜೆಂಟ್ ಆ ತುಂಡನ್ನು ಕೈಯಲ್ಲಿ ಹಿಡಿದು ಮಡಿಚಿದಳು, ಬಿಡಿಸಿದಳು, ಮತ್ತೆ ಮಡಿಚಿದಳು.

"ಇಷ್ಟು ದಪ್ಪ ಇರುತ್ತಾ?"

"ಇರ್ಬೇಕು. ಇಲ್ಲಾಂದ್ರೆ ಕಲ್ಲಿನೇಟು ತಡೆಯಲ್ಲ."

ಬಾಗಿಲ ಬಳಿ ಒಂದು ಬೂದು ಬಣ್ಣದ ಕಾರಿತ್ತು. ಅದರ ಬಾನೆಟ್ಟಿನ ಮೇಲೆ ಬೆವರುಸಾಲೆಯಂತೆ ಪುಟ್ಟ ಗುಳ್ಳೆಗಳು.

"ಇದೇನು, ಕೆಲಸ ಕೆಟ್ಟಿದೆಯಲ್ಲ?"

ಲೋವೆಲ್‌ಗೆ ಚುರುಕ್ ಅಂದಿತು. "ಕೆಟ್ಟಿಲ್ಲ! ಸೋಮವಾರ ಅಂಟಿಸಿದ್ದು. ಸೋಪಿನ ನೀರು ಹಾಕಿ ಅಂಟಿಸೋದು, ಆ ನೀರು ಒಳಗೆ ಸ್ವಲ್ಪ ಉಳಿಯುತ್ತೆ. ಕೆಲವು ವಾರ ಕಳೆದ್ರೆ ತಾನೇ ಒಣಗುತ್ತೆ. ಆಮೇಲೆ ಗಾಜಿನ ಹಾಗಿರುತ್ತೆ."

"ಆ ಮೂಲೇಲಿ ಮುಸುಕು ಹಾಕಿರೋದು?"

"ಹಲ್ಲಿನ ಡಾಕ್ಟರದ್ದು. ಹಳದಿ ಕಾರು. ಎರಡು ವರ್ಷದ ಹಿಂದೆ ಪೊರೆ ಹಾಕ್ಕೊಟ್ಟೆ. ಈ ಅಕ್ಟೋಬರಿಂದ ಅದರ ಚಕ್ರ ತಿರುಗಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಹೀಟರಿನ ಫ್ಯಾನು ನಿಂತಿತು. ಆ ಕತ್ತಲಲ್ಲಿ ಗಾಳಿಯ ಸದ್ದು ಇಮ್ಮಡಿಯಾಯಿತು. ಸಾರ್ಜೆಂಟ್ ಟಾರ್ಚು ಹಚ್ಚಿದಳು.

"ತೋರಿಸಿ ನೋಡೋಣ. ಗಾಜಿನ ಹಾಗಿರೋದು ಹೇಗಿರುತ್ತೆ ಅಂತ."

"ಈ ಕತ್ತಲಲ್ಲಾ? ಮುಸುಕು ತೆಗೆದ್ರೆ ಧೂಳು ಕೂರುತ್ತೆ."

"ನನ್ನ ಹಣೇಲಿ ಇಂಥ ಕಾರು ಬರೆದಿಲ್ಲ, ಲೋವೆಲ್. ಕಣ್ತುಂಬ ನೋಡ್ತೀನಿ, ಅಷ್ಟೇ."

ಅವನು ಹಿಂಭಾಗದ ಮುಸುಕನ್ನಷ್ಟೇ ಎತ್ತಿದ. ಗಾಜಿನಂತೆಯೇ ಇತ್ತು. ಆಕೆ ಹೊಗಳುತ್ತಲೇ ಮುಂದಕ್ಕೆ ನಡೆದಳು, ಮೂತಿಯ ಮೇಲಿನ ಬಟ್ಟೆಯನ್ನು ತಾನೇ ಸರಿಸಿದಳು, ಟಾರ್ಚನ್ನು ಓರೆಯಾಗಿ ಹಿಡಿದಳು.

ಹಳದಿ ಬಂಪರಿನ ತುಂಬ ಬೆವರುಸಾಲೆ ಎದ್ದಿತ್ತು.

* * *

ಸಾರ್ಜೆಂಟ್ ಆ ಗುಳ್ಳೆಗಳ ಮೇಲೆ ಬೆರಳಾಡಿಸಿದಳು.

"ಹಿಂದೆ ಎರಡು ವರ್ಷದ ಪೊರೆ, ಮುಂದೆ ಹಸಿ ಪೊರೆ," ಎಂದಳು ಸಾರ್ಜೆಂಟ್. "ಹಳೇದು ಎಲ್ಲಿ, ಲೋವೆಲ್?"

"ಅದು... ಅಂಚು ಎದ್ದಿತ್ತು. ಬದಲಾಯಿಸಿದೆ. ಹೇಳೋದು ಮರೆತೆ."

"ಹಳೇದು ಎಲ್ಲಿ ಅಂತ ಕೇಳಿದೆ."

ಅವನ ಕಣ್ಣು ಹಿಂಬಾಗಿಲ ಬಳಿಯ ಕಸದ ಡ್ರಮ್ಮಿನತ್ತ ಹೋಗಿ ಬಂತು. ಶುಕ್ರವಾರ ಕಸದ ಗಾಡಿ ಬರುವ ದಿನ. ಹೆದ್ದಾರಿ ಮುಚ್ಚಿದ್ದರಿಂದ ಗಾಡಿ ಬಂದಿರಲಿಲ್ಲ. ನನ್ನನ್ನು ಕಟ್ಟಿಹಾಕಿದ್ದ ಬಿರುಗಾಳಿ ಅವನನ್ನೂ ಕಟ್ಟಿಹಾಕಿತ್ತು.

ಸಾರ್ಜೆಂಟ್ ಡ್ರಮ್ಮನ್ನು ನೆಲಕ್ಕೆ ಬೋರಲು ಹಾಕಿದಳು. ಹಾವಿನ ಪೊರೆಯಂತೆ ಸುರುಳಿ ಸುತ್ತಿದ ದೊಡ್ಡ ಪ್ಲಾಸ್ಟಿಕ್ ಹಾಳೆ ಉರುಳಿತು. ಒಂದು ಮೂಲೆ ಹರಿದಿತ್ತು. ಆಕೆ ಸಾಕ್ಷ್ಯದ ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದಳು. ಅದರೊಳಗೊಂದು ಚೂರು. ಎರಡರ ಅಂಚೂ ಸರಿಯಾಗಿ ಕೂಡಿಕೊಂಡವು.

"ಈ ಚೂರು ಅಜ್ಜಿಯ ಕೋಟಿನ ಜಿಪ್ಪಿಗೆ ಸಿಕ್ಕಿಕೊಂಡಿತ್ತು. ಯಾವುದೋ ತಿಂಡಿ ಪೊಟ್ಟಣದ್ದು ಅಂದುಕೊಂಡಿದ್ವಿ. ನೀನು ಕೆಟಲು ಹಿಡಿದು ಜಾದೂ ತೋರಿಸೋವರೆಗೂ ಹಾಗೇ ಅಂದುಕೊಂಡಿದ್ದೆ. ಇನ್ನೊಂದು ವಿಷಯ ಮೊದಲಿಂದ್ಲೂ ನನ್ನ ಕೊರೀತಿತ್ತು. ಅಜ್ಜಿಯ ದೇಹದ ಅಡಿ ಹೊಸ ಹಿಮ ಒಂದು ಚಮಚವೂ ಇರ್ಲಿಲ್ಲ. ಅಂದ್ರೆ ಬುಧವಾರ ರಾತ್ರಿ ಹಿಮ ಶುರುವಾಗೋ ಮೊದಲೇ ಅವರು ಬಿದ್ದಿದ್ರು. ಬುಧವಾರ ಬಿಸಿಲು, ರಸ್ತೆ ಒಣಗಿತ್ತು, ವೆಂಡೆಲ್ ಲಾರಿ ಶೆಡ್ಡಲ್ಲಿತ್ತು. ಅವರ ಟೋಪಿ ರಸ್ತೆಗೆ ಹಾರಿ ಬಿದ್ದು ಬೆಳಿಗ್ಗೆ ಅಲಗಿಗೆ ಸಿಕ್ಕಿರ್ಬೇಕು. ಅದೊಂದನ್ನೇ ಹಿಡ್ಕೊಂಡು ಮೇಲಿನವರು ಅವಸರ ಮಾಡಿದ್ರು. ಬೇರೆ ಯಾವ ಗಾಡಿ ಅಂತ ನನ್ನ ಹತ್ರಾನೂ ಉತ್ತರ ಇರ್ಲಿಲ್ಲ. ಊರಿನ ಎಲ್ಲ ಗಾಡಿಗಳ ಮೂತಿ ನೋಡಿದ್ವಿ. ಜನವರೀಲಿ ಸ್ಪೋರ್ಟ್ಸ್ ಕಾರು ರಸ್ತೆಗಿಳಿಯುತ್ತೆ ಅಂತ ಯಾರಿಗೆ ಹೊಳೆಯುತ್ತೆ? ನನಗೂ ಹೊಳೀಲಿಲ್ಲ."

ಲೋವೆಲ್ ನೆಲದ ಮೇಲೆ ಕೂತುಬಿಟ್ಟ.

"ವರ್ಷಾನುಗಟ್ಟಲೆ ಇವುಗಳ ಮೈ ಒರೆಸ್ತಾ ಇದೀನಿ. ಒಂದೇ ಒಂದ್ಸಲ ಓಡಿಸೋಣ ಅನ್ನಿಸ್ತು. ರಸ್ತೆ ಒಣಗಿತ್ತು. ಅವರು ಟಪಾಲು ಪೆಟ್ಟಿಗೆ ಹತ್ರ ನಿಂತಿದ್ರು, ಎದುರು ಮುಳುಗೋ ಸೂರ್ಯ, ಕಾಣಿಸ್ಲಿಲ್ಲ..."

"ಇಳಿದೆಯಾ?"

"ಇಳಿದೆ."

"ಇಳಿದು?"

ಅವನು ಮುಖ ಮುಚ್ಚಿಕೊಂಡ. "ಬಂಪರ್ ನೋಡಿದೆ."

"ಮೊದಲು ಬಂಪರ್?"

"ಪೊರೆ ಹರಿದಿತ್ತು. ಬಣ್ಣಕ್ಕೆ ಏನೂ ಆಗಿರ್ಲಿಲ್ಲ."

"ಅಜ್ಜಿಗೆ?"

"ಉಸಿರಾಡ್ತಿದ್ರು."

ಅಜ್ಜಿ ಅಲ್ಲಿ ಉಸಿರಾಡುತ್ತಿರುವಾಗ ಇವನು ಬಂದು ಬಾಗಿಲು ಹಾಕಿಕೊಂಡು, ದೀಪ ಹಚ್ಚಿಕೊಂಡು, ಹೊಸ ಪೊರೆಯ ಅಡಿಯ ನೀರು ಒತ್ತಿ ತೆಗೆಯುತ್ತ ಕೂತಿದ್ದಾನೆ. ಫೋನು ಅಲ್ಲೇ ಗೋಡೆಯ ಮೇಲಿತ್ತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದಕ್ಕಿಂತ ದೊಡ್ಡ ಹೆದರಿಕೆ ಅದರ ಹಿಂದೆಯೇ ಬಂತು.

* * *

ಸಾರ್ಜೆಂಟ್ ನನ್ನ ಬೇಡಿ ಬಿಚ್ಚಿ ಲೋವೆಲ್ ಕೈಗೆ ಹಾಕಿದಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಏನೋ ಇದು, ನಿನ್ನ ಬಿಟ್ಟಿದೀನಿ ಕಣೋ."

"ಉಸಿರಾಡ್ತಿದ್ರು ಅಂದ. ಬೆಳಿಗ್ಗೆ ನಾನು ಅವರ ಮೇಲೆ ಹಿಮ ತಳ್ಳಿದಾಗ್ಲೂ ಉಸಿರಿತ್ತಾ? ನಾನೇ ಹೂತುಹಾಕಿದ್ನಾ?"

ಆಕೆ ನನ್ನ ಎದುರಿಗೆ ಸ್ಟೂಲೊಂದನ್ನು ಎಳೆದುಕೊಂಡು ಕೂತಳು.

"ಆ ದಿಬ್ಬನ ನನ್ನ ಕೈಯಾರೆ ಬಿಡಿಸಿದೀನಿ, ವೆಂಡೆಲ್. ಮೇಲೆ ನಿನ್ನ ಲಾರಿ ತಳ್ಳಿದ ಗಟ್ಟಿ ಹಿಮ. ಅದರ ಕೆಳಗೆ, ಅವರ ಮುಖದ ಮೇಲೆ, ರಾತ್ರಿ ಬಿದ್ದ ಮೊದಲ ಹಿಮ ಇತ್ತು. ಹಿಟ್ಟಿನ ಹಾಗೆ, ರೆಪ್ಪೆಯ ಮೇಲೂ. ಒಂದು ಚೂರೂ ಕರಗಿರ್ಲಿಲ್ಲ. ಬಿಸಿಯಿರೋ ಮುಖದ ಮೇಲೆ ಹಿಮ ನಿಲ್ಲುತ್ತಾ? ನಿಂಗೆ ಗೊತ್ತಿಲ್ವಾ? ಹಿಮ ಶುರುವಾಗೋ ಹೊತ್ತಿಗೇ ಅವರು ತಣ್ಣಗಾಗಿದ್ರು. ನೀನಿನ್ನೂ ಹಾಸಿಗೇಲಿದ್ದೆ."

"ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನಾನು ಯಾರಿಗಾದ್ರೂ ಸಮಾಧಾನ ಹೇಳಿದ್ದು ನೋಡಿದೀಯೇನೋ?"

ನೋಡಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಯಾರೂ ನೋಡಿರಲಿಲ್ಲ.

ಗುರುವಾರದಿಂದ ಈನಾ ಅಜ್ಜಿಗಾಗಿ ಅಳುವ ಹಕ್ಕು ನನಗಿರಲಿಲ್ಲ. ಕೊಂದವನು ಅತ್ತರೆ ನೋಡುವವರು ಏನೆಂದಾರು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಈಗ ಅತ್ತೆ. ಲೋವೆಲ್ ಮೂಲೆಯಲ್ಲಿ ಕೂತು ನೋಡುತ್ತಿದ್ದ, ಸಾರ್ಜೆಂಟ್ ಕಿಟಕಿಯತ್ತ ತಿರುಗಿ ನಿಂತಿದ್ದಳು. ನಾನು ನಾಚಿಕೆ ಬಿಟ್ಟು ಅಜ್ಜಿಯ ಹೆಸರು ಹಿಡಿದು ಅತ್ತೆ.