ಎಡಗೆನ್ನೆಯ ಮಚ್ಚೆ

"ಇದನ್ನ ನಿಮಗೆ ಕೊಡಲ್ಲ."

ಕ್ಯಾಮೆರಾ ಅಂಗಡಿಯವನು ಸ್ಕ್ಯಾನರ್ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡ. ಡಬ್ಬದ ಇನ್ನೊಂದು ತುದಿ ಹಿಡಿದಿದ್ದ ಹಲ್ಲಿನ ಡಾಕ್ಟ್ರು ಬಿಡಲಿಲ್ಲ. ಎಂಥೆಂಥ ದವಡೆ ಹಲ್ಲುಗಳನ್ನೇ ಕಿತ್ತವಳಿಗೆ ಒಂದು ಡಬ್ಬ ಯಾವ ಲೆಕ್ಕ?

"ಯಾಕೆ ಕೊಡಲ್ಲ?"

"ಇದು ಕಾಗದದ ಫೋಟೋಗೆ ಸರಿ. ಸ್ಲೈಡ್‌ಗೆ ಮೇಲಿನಿಂದ ಬೆಳಕು ಬೀಳಬೇಕು. ಇದರ ಮುಚ್ಚಳದಲ್ಲಿ ದೀಪ ಇಲ್ಲ. ತಗೊಂಡು ಹೋಗಿ ಆಮೇಲೆ ನನ್ನನ್ನ ಬೈತೀರಿ."

'ಈಗಲೇ ಬೈಬೇಕು ಅನ್ನಿಸ್ತಿದೆ...' ಅಂದುಕೊಂಡಳು. ಆದರೆ ಅವನ ಕಣ್ಣಲ್ಲಿ ಏನೋ ನಗು ಇತ್ತು. ಬೈಯಲಾಗಲಿಲ್ಲ.

ಅಜ್ಜ ತೆಗೆದ ಎಂಟುನೂರು ಸ್ಲೈಡ್‌ಗಳು, ಅಂದರೆ ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಫಿಲ್ಮ್ ತುಂಡುಗಳು, ಜೊತೆಗೆ ಒಂದು ಕಟ್ಟು ನೆಗೆಟಿವ್‌ಗಳು ಮನೆಯ ಬೀರುವಿನಲ್ಲಿದ್ದವು. ಅಜ್ಜ ಈಗಿಲ್ಲ. ಅಜ್ಜಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಅವನ್ನೆಲ್ಲ ಟೀವಿಯಲ್ಲಿ ದೊಡ್ಡದಾಗಿ ನೋಡಬೇಕು ಅನ್ನುವುದೊಂದೇ ಅಜ್ಜಿಯ ಆಸೆ.

ಮುಂದಿನ ವಾರ ಹೋದಾಗ ಅಂಗಡಿಯವನು ಅಂಗೈಯಗಲದ ಯಂತ್ರವೊಂದನ್ನು ತೋರಿಸಿ, ತಾನೇ ಕೊಂಕು ತೆಗೆದ. "ಒಂದೇ ಸೆಕೆಂಡಿನ ಕೆಲಸ. ಆದ್ರೆ ಧೂಳು, ಗೀರು ಎಲ್ಲಾ ಜೊತೆಗೇ ಬರುತ್ತೆ. ನೆಗೆಟಿವ್ ಹಾಕಿದ್ರೆ ಮುಖ ನೀಲಿ."

ಮೂರನೇ ವಾರ ಅವಳು ಎರಡೆರಡು ಸಲ ತಲೆ ಬಾಚಿಕೊಂಡು ಹೋದಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ.

"ಈ ಮೂರನೇ ಯಂತ್ರ ಫಿಲ್ಮಿಗೆ ಅಂತಲೇ ಮಾಡಿದ್ದು. ಆದ್ರೆ ಒಂದೊಂದು ಸ್ಲೈಡ್‌ಗೂ ನಾಲ್ಕು ನಿಮಿಷ..." ಅವನು ತಲೆ ಕೆರೆದುಕೊಂಡ. "ಯೋಚನೆ ಮಾಡಿ. ಮುಂದಿನ ವಾರ ಬನ್ನಿ."

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಇವಳ ಕೈಲಿ ಇದೆಲ್ಲ ಆಗಲ್ಲ ಅಂತ ತೀರ್ಮಾನ ಮಾಡಿದ್ದೀರಿ, ಅಲ್ವಾ?"

ಅವನು ತಲೆ ತಗ್ಗಿಸಿ ಯಂತ್ರವನ್ನು ಮತ್ತೆ ಡಬ್ಬಕ್ಕೆ ತುಂಬತೊಡಗಿದ.

ಅವಳು ಸೀದಾ ಎದುರಿನ ಅಂಗಡಿಗೆ ಹೋಗಿ, ಅವನು ಬೇಡ ಅಂದಿದ್ದ ಆ ಪುಟ್ಟ ಯಂತ್ರವನ್ನೇ ಹಟಕ್ಕೆ ಕೊಂಡಳು. ದಾರಿಯುದ್ದಕ್ಕೂ ಒಂದೇ ಯೋಚನೆ. 'ಯಾರೋ ಅಂಗಡಿಯವನು... ನನಗ್ಯಾಕೆ ಇಷ್ಟು ನೋವು?'

ಭಾನುವಾರ ಬೆಳಿಗ್ಗೆ ಮೊದಲ ಸ್ಲೈಡ್ ಟೀವಿಯಲ್ಲಿ ಮೂಡಿತು. ಕಿಟಕಿಯ ಪಕ್ಕ ಒಬ್ಬ ಹುಡುಗಿ ನಗುತ್ತಿದ್ದಳು. ಅಜ್ಜಿ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಯಾರೇ ಇವಳು?"

"ನೀನೇ ಅಜ್ಜಿ."

"ನಾನಲ್ಲ. ಗೋಡೆ ಮೇಲಿನ ನನ್ನ ಫೋಟೋ ನೋಡು, ಮಚ್ಚೆ ಬಲಗೆನ್ನೆಯಲ್ಲಿದೆ. ಇವಳದ್ದು ಎಡಗೆನ್ನೆಯಲ್ಲಿ. ನನ್ನ ಹಾಗೇ ಇರೋಳನ್ನ ಹುಡುಕಿಕೊಂಡಿದ್ದಾರೆ ನಿಮ್ಮಜ್ಜ, ಜಾಣರು."

ಇಪ್ಪತ್ತು ಸ್ಲೈಡ್‌ಗಳಲ್ಲೂ ಎಡಗೆನ್ನೆಯವಳೇ. ಅಜ್ಜಿ ಎದ್ದು ಹೋಗಿ ಅಜ್ಜನ ಫೋಟೋವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮಧ್ಯಾಹ್ನ ಊಟ ಬಿಟ್ಟರು. ಮಾತೂ ಬಿಟ್ಟರು. ಐವತ್ತು ವರ್ಷದ ಸಂಸಾರ ಒಂದು ಮಚ್ಚೆಗೆ ಎಡವಿ ಬಿತ್ತು.

ಮೊಮ್ಮಗಳು ಅಭಿಮಾನವನ್ನೆಲ್ಲ ನುಂಗಿಕೊಂಡು ಅಂಗಡಿಗೆ ಓಡಿದಳು.

"ನೀವು ಬೇಡ ಅಂದಿದ್ದನ್ನೇ ತಗೊಂಡೆ. ಈಗ ನಮ್ಮಜ್ಜಿಗೆ ಸವತಿ ಬಂದಿದ್ದಾಳೆ."

ಅವನು ಏನೂ ಕೇಳದೆ ಶಟರ್ ಎಳೆದು ಅವಳ ಜೊತೆ ಹೊರಟ.

ಮನೆಯಲ್ಲಿ ಟೀವಿಯ ಮುಂದೆ ನಿಂತು ಚಿತ್ರವನ್ನು ಹಿಗ್ಗಿಸಿದ. ಹುಡುಗಿಯ ಹಿಂದೆ ಗೋಡೆಯಲ್ಲಿ ಚಿಕ್ಕದೊಂದು ಕ್ಯಾಲೆಂಡರ್ ಇತ್ತು. ಅದರ ಅಂಕಿಗಳೆಲ್ಲ ತಿರುಗುಮುರುಗು.

"ಅಜ್ಜಿ, ಸ್ಲೈಡ್ ಹಿಂದುಮುಂದಾಗಿದೆ, ಅಷ್ಟೇ. ಹೊಳೆಯೋ ಕಡೆ ಯಾವುದು ಅಂತ ನೋಡದೆ ತೂರಿಸಿದ್ದಾರೆ." ಮೆಲ್ಲಗೆ ಅವಳತ್ತ ತಿರುಗಿದ. "ದಿನವಿಡೀ ಜನರ ಬಾಯೊಳಗೆ ಕನ್ನಡಿ ಹಿಡಿಯೋರು ನೀವು. ಎಡ-ಬಲ ಗೊತ್ತಾಗಲಿಲ್ವಾ ಡಾಕ್ಟ್ರೇ?"

ಅವಳ ಕಿವಿ ಕೆಂಪಾಯಿತು.

ಅವನು ಸ್ಲೈಡನ್ನು ಮಗುಚಿ ಹಾಕಿದ. ಮಚ್ಚೆ ಬಲಗೆನ್ನೆಗೆ ಬಂತು.

ಅಜ್ಜಿ ತಮ್ಮ ಕೆನ್ನೆ ಮುಟ್ಟಿಕೊಂಡರು. "ಅಯ್ಯೋ... ನಾನೇ. ಆಗ ಎಷ್ಟು ಚೆನ್ನಾಗಿದ್ದೆ." ಆಮೇಲೆ ಅಜ್ಜನ ಫೋಟೋವನ್ನು ತಿರುಗಿಸಿ, ಸೆರಗಿನಿಂದ ಗಾಜು ಒರೆಸಿ, "ಕೋಪ ಮಾಡ್ಕೋಬೇಡಿ" ಅಂತ ಅದರ ಕಿವಿಯ ಹತ್ತಿರ ಪಿಸುಗುಟ್ಟಿದರು. ಹಸಿವು ನೆನಪಾಗಿ ಅಡುಗೆಮನೆಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಮೂರನೇ ಯಂತ್ರದಲ್ಲಿ ಏನು ದೋಷ ಇತ್ತು?" ಅವಳು ಕೇಳಿದಳು.

"ಏನೂ ಇರಲಿಲ್ಲ."

"ಮತ್ತೆ?"

"ಮೊದಲೆರಡು ಸಲ ನಿಜಾನೇ ಹೇಳಿದೆ. ಮೂರನೇದನ್ನ ಕೊಟ್ಟಿದ್ರೆ..." ಅವನು ಸ್ಲೈಡಿನ ಅಂಚು ಒರೆಸತೊಡಗಿದ. "ನೀವು ಮತ್ತೆ ಅಂಗಡಿಗೆ ಬರ್ತಾನೇ ಇರಲಿಲ್ಲ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ನಾನು ಮೊಬೈಲಿನಲ್ಲೇ ತರಿಸಿಕೊಳ್ಳಬಹುದಿತ್ತು. ಮೂರು ವಾರ ಯಾಕೆ ಬಂದೆ ಅಂತ ಯೋಚನೆ ಮಾಡಿದ್ರಾ?"

ಅವನ ಕೈ ಅಲ್ಲೇ ನಿಂತಿತು.

"ಆ ನಿಧಾನದ ಯಂತ್ರ ಇನ್ನೂ ಇದೆಯಾ?"

"ಇದೆ. ಭಾನುವಾರ ಎರಡೆರಡು ಗಂಟೆ ಕೂತರೂ ಆರು ತಿಂಗಳು ಹಿಡಿಯುತ್ತೆ."

"ಹಿಡೀಲಿ. ನೀವೇ ಬಂದು ಮಾಡಿಕೊಡಿ."

"ಸ್ಲೈಡ್ ಮುಗಿದ ಮೇಲೆ?"

"ನೆಗೆಟಿವ್ ಇದೆ."

"ಅದೂ ಮುಗಿದರೆ?"

ಅವಳು ಅವನ ಕೈಯಿಂದ ಸ್ಲೈಡ್ ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ಹಿಡಿದುಕೊಂಡಳು.

"ಅಷ್ಟೊತ್ತಿಗೆ ನಿಮಗೆ ಇಲ್ಲಿಗೆ ಬರೋಕೆ ನೆಪ ಬೇಕಾಗಿರಲ್ಲ."